ಅಪ್ಪನ ಮಳೆ ಲೆಕ್ಕ, ನನ್ನ ಪಿಂಗ್ ಲೆಕ್ಕ

ನಮ್ಮ ತೋಟ ಇರುವುದು ಮಾದಾಪುರದ ಹತ್ತಿರ. ಅಂಗಳದ ಮೂಲೆಯಲ್ಲಿ ಒಂದು ರೈನ್‌ಗೇಜ್ ಇದೆ. ಬೆಳಿಗ್ಗೆ ಎಂಟಕ್ಕೆ ಅಪ್ಪ ಅದರ ಬಾಟಲಿ ತೆಗೆಯುತ್ತಾರೆ. ಗೆರೆ ಹಾಕಿದ ಗ್ಲಾಸಿಗೆ ನೀರು ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. ಕೊಡಗಿನ ತೋಟದವರ ಬಾಯಿಗೆ ಮಿಲಿಮೀಟರ್ ಬರುವುದಿಲ್ಲ. ಇಂಚು, ಸೆಂಟು ಅಷ್ಟೇ. ಇಂಚಿಗೆ ನೂರು ಸೆಂಟು. ಮಳೆ ಬಾರದ ದಿನ ಅಪ್ಪ ಸೊನ್ನೆ ಬರೆಯುತ್ತಾರೆ. ಮನೆಯಲ್ಲಿ ಇಲ್ಲದೆ ನೋಡಲಾಗದ ದಿನ ಸಣ್ಣ ಗೆರೆ ಎಳೆದು, ಮಾರನೇ ದಿನದ ಎದುರು 'ಎರಡು ದಿನದ್ದು' ಅಂತ ಸೇರಿಸುತ್ತಾರೆ.

ಚಿಕ್ಕವಳಿದ್ದಾಗ ಇದು ನನಗೆ ಬರೀ ತಮಾಷೆ. ನನ್ನ ಸಂಶೋಧನೆಯ ಮಾನ ಉಳಿಸಿದ್ದು ಈ ಪುಸ್ತಕವೇ. ಅದನ್ನು ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡುವ ಕೆಲಸ ಇಂಟರ್‌ನೆಟ್ ಅಳೆಯುವುದು. ಮನೆಗೆ ಬಂದವರಿಗೆ ಹೀಗೆ ಹೇಳಿದರೆ "ಸ್ಪೀಡ್ ಟೆಸ್ಟಾ?" ಅಂತಾರೆ. ಅದೂ ಹೌದು, ಆದರೆ ಅದು ಚಿಕ್ಕ ಭಾಗ. ಪ್ಯಾಕೆಟ್, ಅಂದರೆ ನೆಟ್‌ನಲ್ಲಿ ಹೋಗುವ ಮಾಹಿತಿಯ ತುಂಡು, ಯಾವ ದಾರಿಯಲ್ಲಿ ಹೋಯಿತು, ಎಲ್ಲಿ ಸತ್ತಿತು, ಯಾರು ಯಾರ ಬಾಗಿಲು ತಟ್ಟುತ್ತಿದ್ದಾರೆ, ಇದೆಲ್ಲ ಸೇರುತ್ತದೆ. ಉಪಕರಣಗಳು ಹಳೆಯವೇ. ಇನ್ನೊಂದು ಯಂತ್ರಕ್ಕೆ 'ಇದ್ದೀಯಾ?' ಅಂತ ಕೇಳಿ ಉತ್ತರಕ್ಕೆ ಕಾಯುವ ಪುಟ್ಟ ಪ್ರೋಗ್ರಾಮ್ ಪಿಂಗ್. ಅದನ್ನು ಮೈಕ್ ಮೂಸ್ ಬರೆದದ್ದು 1983ರಲ್ಲಿ. ಈಗಲೂ ಬೆಳಿಗ್ಗೆ ಎದ್ದರೆ ಮೊದಲು ಟೈಪ್ ಮಾಡುವುದು ಅದನ್ನೇ.

ಶುರು ಮಾಡಿದ್ದು ಸೆಕ್ಯುರಿಟಿಯಿಂದ. ಪಿಎಚ್‌.ಡಿ.ಯ ಮೊದಲ ದಿನಗಳಲ್ಲೇ ಒಂದು ಎಡವಟ್ಟು. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಅನ್ನುವ, ನೆಟ್‌ನ ವಿಳಾಸಗಳನ್ನೆಲ್ಲ ತಟ್ಟಿ ನೋಡುವ ಪ್ರೋಗ್ರಾಮ್ ಬಿಟ್ಟಿದ್ದರು. ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವ ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಒಂದು ಗಿಗಾಬಿಟ್ ಲೈನ್ ಇದ್ದರೆ ಅದರಲ್ಲಿ ಸಾರ್ವಜನಿಕವಾದವನ್ನೆಲ್ಲ 45 ನಿಮಿಷದೊಳಗೆ ಒಂದು ಸುತ್ತು ತಟ್ಟಿ ಬರಬಹುದು. ಹುಮ್ಮಸ್ಸು ತಡೆಯಲಿಲ್ಲ. ಯಾರಿಗೂ ಹೇಳದೆ ಹಾಸ್ಟೆಲ್ ರೂಮಿನಿಂದ ಓಡಿಸಿದೆ. ಹತ್ತು ನಿಮಿಷಕ್ಕೆ ಇಡೀ ಹಾಸ್ಟೆಲಿನ ನೆಟ್ ಬಿದ್ದುಹೋಯಿತು. ಮಾರನೇ ದಿನದಿಂದ ದೂರಿನ ಮೇಲ್‌ಗಳು. ಅವತ್ತಿನಿಂದ ಸ್ಕ್ಯಾನ್ ಮಾಡುವ ಯಂತ್ರದ ವಿಳಾಸಕ್ಕೆ ನಾವು ಯಾರು, ಏನು ಮಾಡುತ್ತಿದ್ದೇವೆ ಅಂತ ಹೆಸರು ಅಂಟಿಸುತ್ತೇನೆ. ಬೇಡ ಅಂದವರನ್ನು ಪಟ್ಟಿಯಿಂದ ಬಿಡುತ್ತೇನೆ. ವೇಗ ತುಂಬಾ ಕಡಿಮೆ ಇಡುತ್ತೇನೆ.

ಆಮೇಲೆ ಹನಿಪಾಟ್. ದಾಳಿ ಮಾಡುವವರು ಬರಲಿ ಅಂತ ಬೇಕೆಂದೇ ತೆರೆದಿಟ್ಟ ನಕಲಿ ಯಂತ್ರ ಅದು. ನಾನು ಬಳಸಿದ ತಂತ್ರಾಂಶದ ಹೆಸರು ಕೌರಿ, ಅಂದರೆ ನಮ್ಮ ಕವಡೆ. 2016ರ ಕೊನೆಯಲ್ಲಿ, ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗುವ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಮ್ ಹರಡುತ್ತಿತ್ತು. ದೂರದಿಂದ ಯಂತ್ರದೊಳಗೆ ಲಾಗಿನ್ ಆಗುವ ಹಳೆಯ ದಾರಿ ಟೆಲ್ನೆಟ್. ಅದರ ಬಾಗಿಲು ತೆರೆದು ಟೀ ಕುಡಿದು ಬರುವಷ್ಟರಲ್ಲಿ, ಬಂದವರು ಒತ್ತಿದ ಹೆಸರು, ಪಾಸ್‌ವರ್ಡ್‌ಗಳಿಂದ ಲಾಗ್ ತುಂಬಿರುತ್ತಿತ್ತು. 'ರೂಟ್, ಅಡ್ಮಿನ್'. 'ರೂಟ್, 12345'. 'ರೂಟ್, ಎಕ್ಸ್‌ಸಿ3511'. ಈ ಕೊನೆಯದನ್ನು ಯಾವ ಮನುಷ್ಯನೂ ಊಹಿಸಲಾರ ಅಲ್ವಾ? ಅದು ಕ್ಯಾಮೆರಾ ರೆಕಾರ್ಡರ್‌ಗಳಲ್ಲಿ ಕಾರ್ಖಾನೆಯಲ್ಲೇ ಕೂರಿಸಿ ಕಳಿಸಿದ ಪಾಸ್‌ವರ್ಡ್.

ಆ ಜನವರಿ ಊರಿಗೆ ಬಂದಾಗ ಪಕ್ಕದ ತೋಟದ ಮಾವ ಕರೆದರು. "ನೆಟ್ ಆಮೆ ಥರ ಆಗಿದೆ, ಸ್ವಲ್ಪ ನೋಡಮ್ಮ" ಅಂದರು. ಕಣದಲ್ಲಿ ಕಾಫಿ ಒಣಗುತ್ತಿತ್ತು. ಕಳ್ಳರ ಭಯಕ್ಕೆ ನಾಲ್ಕು ಕ್ಯಾಮೆರಾ ಹಾಕಿಸಿದ್ದರು. ರೌಟರ್‌ನ ಕನೆಕ್ಷನ್ ಪಟ್ಟಿ ತೆರೆದೆ. ಕ್ಯಾಮೆರಾದ ಪೆಟ್ಟಿಗೆಯಿಂದ ನೂರಾರು ಸಾಲು, ಎಲ್ಲವೂ ಗೊತ್ತುಗುರಿಯಿಲ್ಲದ ವಿಳಾಸಗಳ 23ನೇ ಪೋರ್ಟಿಗೆ, ಅಂದರೆ ಟೆಲ್ನೆಟ್ ಬಾಗಿಲಿಗೆ. ಕಣ ಕಾಯಲು ಇಟ್ಟ ಪೆಟ್ಟಿಗೆ ಊರಿನವರ ಬಾಗಿಲೆಲ್ಲ ತಟ್ಟುತ್ತಿತ್ತು. ಫೋನಿನಲ್ಲಿ ಕಣ ಕಾಣಲಿ ಅಂತ ಹಾಕಿದವನು ರೌಟರ್‌ನಲ್ಲಿ ಆ ಪೆಟ್ಟಿಗೆಯ ಎಲ್ಲ ಪೋರ್ಟನ್ನೂ ಹೊರಗೆ ತೆರೆದಿಟ್ಟು ಹೋಗಿದ್ದ. ಮಿರಾಯ್ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಸ್ವಿಚ್ ಆಫ್ ಮಾಡಿದರೆ ಹೋಗುತ್ತದೆ. ಬಾಗಿಲು ತೆರೆದೇ ಇದ್ದರೆ ಮತ್ತೆ ಬರುತ್ತದೆ. ಹಾಗಾಗಿ ಮೊದಲು ಪೋರ್ಟ್ ಮುಚ್ಚಿ, ಆಮೇಲೆ ಆಫ್ ಮಾಡಿ ಆನ್ ಮಾಡಿದೆ. ಫೋನಿನಲ್ಲಿ ಕಣ ಕಾಣುವುದು ನಿಂತುಹೋಯಿತು. ಮಾವನಿಗೆ ಇವತ್ತಿಗೂ ಆ ಬೇಜಾರಿದೆ.

ಈಗ ಅಸಲು ವಿಷಯ. ಅಮೆರಿಕದಲ್ಲಿ ಆರೋನ್ ಶುಲ್ಮನ್ ಮತ್ತು ನೀಲ್ ಸ್ಪ್ರಿಂಗ್ ಅನ್ನುವವರು 2011ರಲ್ಲಿ ಒಂದು ಕೆಲಸ ಮಾಡಿದ್ದರು. ಹವಾಮಾನದ ಎಚ್ಚರಿಕೆ ಬಂದ ಊರಿನ ಮನೆಗಳಿಗೆ ಬಿರುಗಾಳಿಗೆ ಮೊದಲು, ನಡುವೆ, ನಂತರ ಪಿಂಗ್ ಕಳಿಸಿ, ಯಾವ ಲೈನ್ ಮಳೆಗೆ ಸಾಯುತ್ತದೆ ಅಂತ ನೋಡಿದ್ದರು. ಮಳೆಯ ವಿಷಯ ಅಂದಮೇಲೆ ಕೊಡಗಿನವಳಾದ ನಾನು ಬಿಡುತ್ತೇನಾ? ಆದರೆ ಅವರ ದಾರಿ ನಮಗೆ ಆಗಲಿಲ್ಲ. ನಮ್ಮಲ್ಲಿ ಬಹಳ ಮನೆಗಳಿಗೆ ಸ್ವಂತ ವಿಳಾಸವೇ ಇಲ್ಲ. ಒಂದೇ ವಿಳಾಸದ ಹಿಂದೆ ನೂರಾರು ಮನೆ. ಹೊರಗಿನಿಂದ ಪಿಂಗ್ ಕಳಿಸಿದರೆ ಇಂಟರ್‌ನೆಟ್ ಕಂಪನಿಯ ಗೋಡೆಗೆ ತಾಗಿ ನಿಲ್ಲುತ್ತದೆ.

ಹಾಗಾಗಿ ಒಳಗಿನಿಂದ ಅಳೆಯಲು ಹೊರಟೆ. ನಮ್ಮ ಮನೆಯ ಅಟ್ಟದಲ್ಲಿ ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟೆ. ನಿಮಿಷಕ್ಕೊಮ್ಮೆ ಮೂರು ಪಿಂಗ್. ಒಂದು ಮನೆಯ ರೌಟರ್‌ಗೆ, ಒಂದು ಕಂಪನಿಯ ಮೊದಲ ರೌಟರ್‌ಗೆ, ಒಂದು ಬೆಂಗಳೂರಿನ ನನ್ನ ಸರ್ವರ್‌ಗೆ. ಮೂರರಲ್ಲಿ ಯಾವುದು ನಿಂತಿತು ಅನ್ನುವುದರ ಮೇಲೆ ಕೆಟ್ಟಿದ್ದು ಎಲ್ಲಿ ಅಂತ ಹೇಳಬಹುದು.

2018ರ ಆಗಸ್ಟ್ ಬಂತು. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದವು, ರಸ್ತೆ ಹೋಯಿತು. ನಾನು ಬೆಂಗಳೂರಿನಲ್ಲಿದ್ದೆ, ಮನೆಗೆ ಫೋನ್ ಸಿಗುತ್ತಿರಲಿಲ್ಲ. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ನಮ್ಮ ಮನೆ ಉಳಿಯಿತು.

ತಿಂಗಳ ಮೇಲೆ ಪೈ ತಂದು ಲಾಗ್ ನೋಡಿದೆ. ಆಗಸ್ಟ್ 15, ಬುಧವಾರ ರಾತ್ರಿ 11:17ರಿಂದ 11:40ರವರೆಗೆ ವಿಚಿತ್ರ ಚಿತ್ರ. ಒಂದು ಪಿಂಗ್ ಬೆಂಗಳೂರು ಮುಟ್ಟಿದೆ, ಅದೇ ನಿಮಿಷದಲ್ಲಿ ಇನ್ನೊಂದು ಮುಟ್ಟಿಲ್ಲ. ಸರಿಯಾಗಿ ಅರ್ಧಕ್ಕರ್ಧ. ಆಮೇಲೆ ಸುಮಾರು ಎರಡೂವರೆ ಗಂಟೆ ಬರೀ ಸೋಲು, ನಂತರ ಮೌನ. ಸಾಯುವ ಮುಂಚೆ ಲೈನ್ ಹೀಗೆ ಒದ್ದಾಡುತ್ತದೆ ಅಂತ ಖುಷಿಯಿಂದ ಎರಡು ಪುಟ ಬರೆದೆ. ಗ್ರಾಫ್ ಬೇರೆ ಚೆನ್ನಾಗಿ ಬಂದಿತ್ತು.

ಊರಿಗೆ ಹೋದಾಗ ಅಪ್ಪನ ಪುಸ್ತಕ ಸುಮ್ನೆ ತಿರುವುತ್ತಿದ್ದೆ. ಆ ವಾರದ ಎದುರು ಅಂಕಿಗಳಿಲ್ಲ. 'ಬಾಟಲಿ ತುಂಬಿ ಚೆಲ್ಲಿದೆ' ಅಂತ ಇದೆ. ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ, 'ಬುಧವಾರ ರಾತ್ರಿ ಕರೆಂಟ್ ಹೋಯಿತು. ಶನಿವಾರ ಸಂಜೆ ಮೂರು ಗಂಟೆ ಕಾಲ ಜನರೇಟರ್.'

ಹೊಟ್ಟೆ ತಣ್ಣಗಾಯಿತು. ನನ್ನ ಲಾಗಿನಲ್ಲಿ ಶನಿವಾರವೇ ಇಲ್ಲ.

ಪೈನಲ್ಲಿ ಗಡಿಯಾರಕ್ಕೆ ಸೆಲ್ ಇರುವುದಿಲ್ಲ. ಆನ್ ಆದ ಮೇಲೆ ಸಮಯವನ್ನು ನೆಟ್‌ನಿಂದ ಕೇಳಿಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ತಾನು ಕೊನೆಯ ಸಲ ಬರೆದಿಟ್ಟುಕೊಂಡ ಸಮಯದಿಂದ ಶುರು ಮಾಡುತ್ತದೆ. ಹಾಗೆ ಬರೆದಿಡುವುದು ಗಂಟೆಗೊಮ್ಮೆ, 17ನೇ ನಿಮಿಷಕ್ಕೆ. ಬುಧವಾರ 11:40ಕ್ಕೆ ಕರೆಂಟ್ ಹೋಗಿದೆ. ಶನಿವಾರ ಅಪ್ಪ ಜನರೇಟರ್ ಹಾಕಿದಾಗ ಪೈ ಎದ್ದು, ಈಗ ಬುಧವಾರ ರಾತ್ರಿ 11:17 ಅಂದುಕೊಂಡು ಕೆಲಸ ಶುರು ಮಾಡಿದೆ. ನನ್ನ ಪ್ರೋಗ್ರಾಮ್ ಸಾಲುಗಳನ್ನು ಸಮಯದ ಪ್ರಕಾರ ಜೋಡಿಸಿ, ಬುಧವಾರದ ಗೆಲುವಿನ ಜೊತೆ ಶನಿವಾರದ ಸೋಲನ್ನು ಕಲಸಿಬಿಟ್ಟಿದೆ. ಬಂದ ಕ್ರಮದಲ್ಲೇ ಬಿಟ್ಟಿದ್ದರೆ 11:40 ಆದಮೇಲೆ 11:17 ಬಂದದ್ದು ಕಣ್ಣಿಗೆ ಹೊಡೆಯುತ್ತಿತ್ತು. ಲೈನ್ ಒದ್ದಾಡಿರಲೇ ಇಲ್ಲ.

ಎರಡು ಪುಟ ಹರಿದುಹಾಕಿದೆ. ಈಗ ಪ್ರತಿ ಪೈಗೂ ಬಟನ್ ಸೆಲ್ ಇರುವ ಪುಟ್ಟ ಗಡಿಯಾರದ ಚಿಪ್ ಹಾಕುತ್ತೇನೆ. ಪ್ರತಿ ಸಾಲಿನಲ್ಲೂ ಇದು ಎಷ್ಟನೇ ಸಲ ಆನ್ ಆದದ್ದು, ಆನ್ ಆಗಿ ಎಷ್ಟು ಸೆಕೆಂಡ್ ಆಯಿತು ಅಂತ ಬರೆಸುತ್ತೇನೆ. ಸಾಲು ಇಲ್ಲದ ನಿಮಿಷವನ್ನು ಸೋಲು ಅಂತ ಎಣಿಸುವುದಿಲ್ಲ, ಅಪ್ಪನ ಗೆರೆ ಎಳೆಯುತ್ತೇನೆ. ಪೇಪರ್ ಕಳಿಸಿದಾಗ ಒಬ್ಬ ವಿಮರ್ಶಕರು, ಕರೆಂಟ್ ಇರಲಿಲ್ಲ ಅನ್ನುವುದಕ್ಕೆ ಆಧಾರ ಏನು ಅಂತ ಕೇಳಿದರು. ತೋಟದ ಮಳೆ ಪುಸ್ತಕದ ಪುಟದ ಫೋಟೋ ಕಳಿಸಿದೆ. ಮತ್ತೆ ಪ್ರಶ್ನೆ ಬರಲಿಲ್ಲ. ಅಪ್ಪನಿಗೆ ಹೇಳಿದರೆ, "ಪೆನ್ಸಿಲಿನಲ್ಲಿ ಬರೆದದ್ದು ಕಾಣಿಸ್ತಾ?" ಅಂತ ಕೇಳಿದರು.

ಈಗ ಮಾದಾಪುರದಿಂದ ಭಾಗಮಂಡಲದವರೆಗೆ ಹನ್ನೊಂದು ಮನೆಗಳಲ್ಲಿ ನನ್ನ ಡಬ್ಬಿಗಳಿವೆ. ಟೇಬಲ್‌ನಲ್ಲಿ ಕೊನೆಯ ಕಾಲಂ 'ಮನೆಯವರು ಹೇಳಿದ್ದು'. ಕಳೆದ ಮಳೆಗಾಲದಲ್ಲಿ ಭಾಗಮಂಡಲದ ಡಬ್ಬಿ ಮೂರು ದಿನ, ದಿನಾ ಬೆಳಿಗ್ಗೆ ಏಳಕ್ಕೆ ಕಾಲು ಗಂಟೆ ಸುಮ್ಮನಾಗುತ್ತಿತ್ತು. ಅಲ್ಲಿ ಏನೋ ಇದೆ ಅಂತ ಫೋನ್ ಮಾಡಿದೆ.

"ಕರೆಂಟೆಲ್ಲ ಇದೆ ಅಕ್ಕ," ಅಂದಳು ಆ ಮನೆಯ ಹುಡುಗಿ. "ಚಟ್ನಿ ರುಬ್ಬೋಕೆ ನಿಮ್ಮ ಪ್ಲಗ್ ತೆಗೀತೀನಿ ಅಷ್ಟೇ."

ಕಾಲಂನಲ್ಲಿ 'ಮಿಕ್ಸಿ' ಅಂತ ಬರೆದೆ.