ಮಾರ್ಕ್ಸ್‌ಗಿಂತ ಮೊದಲು ಕ್ರೆಡಿಟ್ ನೋಡಿ: ಬೆಳಗಾವಿಯಲ್ಲಿ ಓದಿದ ನನ್ನ ಅನುಭವ

ಪಿಯುಸಿವರೆಗೆ ನಮಗೆ ಎಲ್ಲ ವಿಷಯವೂ ಒಂದೇ. ಕನ್ನಡಕ್ಕೂ ನೂರು, ಗಣಿತಕ್ಕೂ ನೂರು. ಕೂಡಿಸಿದರೆ ಪರ್ಸೆಂಟೇಜ್ ಬಂತು. ಇಂಜಿನಿಯರಿಂಗ್‌ಗೆ ಬಂದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಇಲ್ಲೂ ಪ್ರತಿ ವಿಷಯಕ್ಕೆ ನೂರೇ. ಆದರೆ ಒಂದು ವಿಷಯದ ನೂರು ಇನ್ನೊಂದರ ನೂರಕ್ಕೆ ಸಮ ಅಲ್ಲ. ಪ್ರತಿ ವಿಷಯಕ್ಕೂ ಕ್ರೆಡಿಟ್ ಅನ್ನುವ ಒಂದು ತೂಕ ಇರುತ್ತದೆ. ಇದನ್ನು ಮೊದಲ ಸೆಮ್‌ನಲ್ಲೇ ಅರ್ಥ ಮಾಡಿಕೊಂಡವರಿಗೆ ನಾಲ್ಕು ವರ್ಷ ಹಗುರಾಗುತ್ತದೆ. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬರುವ ತಮ್ಮ ತಂಗಿಯರಿಗೆ ಇದನ್ನು ಯಾರೂ ಕೂತು ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೈಲಹೊಂಗಲ ತಾಲೂಕಿನವಳು. 2022ರಲ್ಲಿ ಬೆಳಗಾವಿಯ ಒಂದು ಕಾಲೇಜಿಗೆ ಸೇರಿದೆ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಇರುವುದೂ ಇದೇ ಊರಿನ ಮಚ್ಛೆ ಹತ್ತಿರ. 1998ರಲ್ಲಿ ಶುರುವಾದ ಇದರ ಕೆಳಗೆ ರಾಜ್ಯದ ಬಹಳಷ್ಟು ಇಂಜಿನಿಯರಿಂಗ್ ಕಾಲೇಜುಗಳು ಬರುತ್ತವೆ. ನಾನು ಹೇಳುವುದು 2022ರ ಸ್ಕೀಮ್, ಅಂದರೆ ಆ ವರ್ಷ ಸೇರಿದವರ ವಿಷಯ, ಕ್ರೆಡಿಟ್, ನಿಯಮಗಳ ಪಟ್ಟಿಯ ಬಗ್ಗೆ. ಸಿಲೆಬಸ್, ಪರೀಕ್ಷೆ ತಾವೇ ನೋಡಿಕೊಳ್ಳುವ ಅಟಾನಮಸ್ ಕಾಲೇಜಿನವರು ತಮ್ಮ ಕಾಲೇಜಿನ ನಿಯಮವನ್ನೇ ನೋಡಿಕೊಳ್ಳಬೇಕು.

ಕ್ರೆಡಿಟ್ ಎಲ್ಲಿಂದ ಬರುತ್ತದೆ? ವಾರದ ಗಂಟೆಗಳಿಂದ. ವಾರಕ್ಕೆ ಒಂದು ಗಂಟೆ ಪಾಠ ಇದ್ದರೆ ಒಂದು ಕ್ರೆಡಿಟ್. ಟ್ಯುಟೋರಿಯಲ್ (ಲೆಕ್ಕ ಬಿಡಿಸಿ ಅಭ್ಯಾಸ ಮಾಡುವ ಕ್ಲಾಸ್) ಅಥವಾ ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ನಮ್ಮ ಮೊದಲ ಸೆಮ್ ಗಣಿತಕ್ಕೆ ಎರಡು ಗಂಟೆ ಪಾಠ, ಎರಡು ಗಂಟೆ ಟ್ಯುಟೋರಿಯಲ್, ಎರಡು ಗಂಟೆ ಲ್ಯಾಬ್. ಎರಡು, ಒಂದು, ಒಂದು ಸೇರಿ ನಾಲ್ಕು ಕ್ರೆಡಿಟ್. ಹೀಗೆ ಎಂಟು ಸೆಮಿಸ್ಟರ್‌ಗೆ ಒಟ್ಟು 160 ಕ್ರೆಡಿಟ್ ಗಳಿಸಿದರೆ ಬಿಇ ಮುಗಿಯುತ್ತದೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರಿಗೆ 120.

ಮೊದಲ ಸೆಮ್‌ನ 20 ಕ್ರೆಡಿಟ್ ನಮಗೆ ಹೀಗೆ ಹಂಚಿತ್ತು. ಗಣಿತ ನಾಲ್ಕು, ಫಿಸಿಕ್ಸ್ ನಾಲ್ಕು, ಮೂರು ಕ್ರೆಡಿಟ್‌ನ ವಿಷಯ ಮೂರು, ಇಂಗ್ಲಿಷ್, ಕನ್ನಡದಂಥ ಒಂದು ಕ್ರೆಡಿಟ್‌ನ ವಿಷಯ ಮೂರು. ಈಗ ರಿಸಲ್ಟ್ ಹೇಗೆ ಆಗುತ್ತದೆ ನೋಡಿ. ನಿಮ್ಮ ಮಾರ್ಕ್ಸ್ ಗ್ರೇಡ್ ಪಾಯಿಂಟ್ ಆಗಿ ಬದಲಾಗುತ್ತದೆ. 90ರ ಮೇಲೆ 10, 80ರ ಮೇಲೆ 9, 70ರ ಮೇಲೆ 8, 60ರ ಮೇಲೆ 7, 55ರ ಮೇಲೆ 6, 50ರ ಮೇಲೆ 5, ಬರೀ ಪಾಸಾದರೆ 4. ಅದನ್ನು ಆ ವಿಷಯದ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ, ಅಂದರೆ ಆ ಸೆಮ್‌ನ ಸರಾಸರಿ. ಎಲ್ಲ ಸೆಮ್ ಸೇರಿಸಿ ಹೀಗೇ ಮಾಡಿದರೆ ಸಿಜಿಪಿಎ.

ಮೊದಲ ರಿಸಲ್ಟ್ ಬಂದಾಗ ಅಪ್ಪ "ಎಷ್ಟು ಪರ್ಸೆಂಟ್ ಆತವ್ವಾ?" ಅಂತ ಕೇಳಿದರು. ನಾನು ಸೋಯಾ ಮಾರುವ ಲೆಕ್ಕದಲ್ಲೇ ಹೇಳಿದೆ. ಒಂದು ಲಾಟಿಗೆ ಒಂದು ದರ, ಇನ್ನೊಂದು ಲಾಟಿಗೆ ಇನ್ನೊಂದು ದರ. ನಾಲ್ಕು ಕ್ವಿಂಟಲ್‌ನ ಲಾಟಿಗೆ ದರ ಬಿದ್ದರೆ ಬರುವ ಹಣ ಕಡಿಮೆ ಆಗುತ್ತದೆ. ಒಂದೇ ಕ್ವಿಂಟಲ್‌ನ ಲಾಟಿಗೆ ಒಳ್ಳೆ ದರ ಸಿಕ್ಕರೂ ಆ ನಷ್ಟ ತುಂಬುವುದಿಲ್ಲ. ಗ್ರೇಡ್ ಪಾಯಿಂಟ್ ದರ, ಕ್ರೆಡಿಟ್ ತೂಕ. ಅಪ್ಪನಿಗೆ ತಕ್ಷಣ ತಿಳಿಯಿತು. "ಹಂಗಾದ್ರ ತೂಕ ಇದ್ದದ್ದನ್ನ ಮೊದಲ ನೋಡಬೇಕಲ್ಲ" ಅಂದರು.

ನನ್ನ ಲೆಕ್ಕವನ್ನೇ ಕೊಡುತ್ತೇನೆ. ಗಣಿತದಲ್ಲಿ 6, ಫಿಸಿಕ್ಸ್‌ನಲ್ಲಿ 8, ಮೂರು ಕ್ರೆಡಿಟ್‌ನವುಗಳಲ್ಲಿ 7, 8, 9, ಒಂದು ಕ್ರೆಡಿಟ್‌ನವುಗಳಲ್ಲಿ 9, 10, 10. ಗುಣಿಸಿ ಕೂಡಿಸಿದರೆ 157. ಇಪ್ಪತ್ತರಿಂದ ಭಾಗಿಸಿದರೆ 7.85. ಒಂದು ಕ್ರೆಡಿಟ್‌ನ ವಿಷಯದ ಆ 9 ಅನ್ನು 10 ಮಾಡಿಕೊಂಡಿದ್ದರೆ 7.90 ಆಗುತ್ತಿತ್ತು. ಗಣಿತದ 6 ಅನ್ನು 8 ಮಾಡಿಕೊಂಡಿದ್ದರೆ 8.25. ಎಷ್ಟು ವ್ಯತ್ಯಾಸ, ಅಲ್ವಾ? ಆವತ್ತಿನಿಂದ ಪ್ರತಿ ಸೆಮ್ ಶುರುವಾದ ವಾರವೇ ಸ್ಕೀಮ್ ಹಾಳೆ ತೆಗೆದು ವಿಷಯದ ಮುಂದೆ ಕ್ರೆಡಿಟ್ ಬರೆದು ರೂಮಿನ ಗೋಡೆಗೆ ಅಂಟಿಸುತ್ತಿದ್ದೆ. ನಾಲ್ಕು ಕ್ರೆಡಿಟ್‌ನ ವಿಷಯಕ್ಕೆ ದಿನಾ ಸಂಜೆ ಸಮಯ. ಮೂರರದಕ್ಕೆ ದಿನ ಬಿಟ್ಟು ದಿನ. ಒಂದರದಕ್ಕೆ ಕ್ಲಾಸಿನಲ್ಲಿ ಗಮನ ಕೊಟ್ಟು, ಭಾನುವಾರ ಒಮ್ಮೆ ಕಣ್ಣಾಡಿಸಿದರೆ ಸಾಕು. ಅವುಗಳಿಗೆ ಬರುವುದು ಒಂದು ಗಂಟೆಯ ಬಹು ಆಯ್ಕೆ ಪ್ರಶ್ನೆಗಳ ಪೇಪರ್. ಓದಿದರೆ ಕೈ ಬಿಡುವುದಿಲ್ಲ.

ಇಂಟರ್ನಲ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಸ್ಕೀಮ್‌ನಲ್ಲಿ ಅರ್ಧ ಮಾರ್ಕ್ಸ್ ಕಾಲೇಜಿನ ಕೈಯಲ್ಲಿ, ಅರ್ಧ ಯೂನಿವರ್ಸಿಟಿ ಪರೀಕ್ಷೆಯಲ್ಲಿ. ಇಂಟರ್ನಲ್ಸ್‌ನ 50ರಲ್ಲಿ ಟೆಸ್ಟ್, ಅಸೈನ್‌ಮೆಂಟ್ ಎರಡೂ ಇವೆ. ಲ್ಯಾಬ್ ಸೇರಿದ ವಿಷಯವಾದರೆ ಥಿಯರಿಗೂ ಲ್ಯಾಬ್‌ಗೂ ಅದರಲ್ಲಿ ಪಾಲು ಇದೆ. ಈ 50ರಲ್ಲಿ 20 ಬರಲೇಬೇಕು. ಬಾರದಿದ್ದರೆ ಸೆಮ್ ಪರೀಕ್ಷೆಗೆ ಕೂರುವ ಹಾಗೇ ಇಲ್ಲ. ಹಾಜರಾತಿ 85 ಪರ್ಸೆಂಟ್ ಬೇಕು ಅನ್ನುವುದೂ ಹಾಗೆಯೇ. ಪರೀಕ್ಷೆಯನ್ನು ನೂರಕ್ಕೆ ಬರೆದು 50ಕ್ಕೆ ಇಳಿಸುತ್ತಾರೆ. ಅಲ್ಲಿ 50ಕ್ಕೆ 18 ಬೇಕು. ಎರಡೂ ಸೇರಿ 40 ಆಗಬೇಕು.

ಈಗ ಇಬ್ಬರನ್ನು ತಗೊಳ್ಳಿ. ಇಬ್ಬರಿಗೂ ಪರೀಕ್ಷೆಯಲ್ಲಿ 50ಕ್ಕೆ 35. ಒಬ್ಬಳಿಗೆ ಇಂಟರ್ನಲ್ಸ್ 48, ಒಟ್ಟು 83, ಪಾಯಿಂಟ್ 9. ಇನ್ನೊಬ್ಬನಿಗೆ ಇಂಟರ್ನಲ್ಸ್ 30, ಒಟ್ಟು 65, ಪಾಯಿಂಟ್ 7. ಪರೀಕ್ಷಾ ಹಾಲ್‌ನಲ್ಲಿ ಇಬ್ಬರೂ ಸಮ. ಆದರೂ ಆ ನಾಲ್ಕು ಕ್ರೆಡಿಟ್‌ನ ವಿಷಯ ಒಂದರಿಂದಲೇ ಎಸ್‌ಜಿಪಿಎಯಲ್ಲಿ 0.4 ದೂರ. ಇಂಗ್ಲಿಷ್‌ನಲ್ಲಿ ಮೂರು ಗಂಟೆ ಬರೆಯುವುದು ನನ್ನಂಥವರಿಗೆ ಮೊದಲ ವರ್ಷ ನಿಜಕ್ಕೂ ಕಷ್ಟ. ವಾಕ್ಯ ಕೂಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಆದರೆ ಇಂಟರ್ನಲ್ಸ್ ಸೆಮ್ ಪೂರ್ತಿ ಹರಡಿಕೊಂಡಿರುತ್ತದೆ. ಅಸೈನ್‌ಮೆಂಟ್ ತೋರಿಸಿ ತಿದ್ದಿಸಿಕೊಳ್ಳಬಹುದು, ಲ್ಯಾಬ್ ರೆಕಾರ್ಡ್ ಅದೇ ವಾರ ಮುಗಿಸಬಹುದು, ಮೊದಲ ಟೆಸ್ಟ್ ಕೆಟ್ಟರೆ ಎರಡನೆಯದರಲ್ಲಿ ಎತ್ತಿಕೊಳ್ಳಬಹುದು. ನಾನು ನಂಬಿಕೊಂಡು ನಿಂತದ್ದು ಇದರ ಮೇಲೆಯೇ. ಇನ್ನೊಂದು ಮಾತು. ಸೆಮ್ ಪರೀಕ್ಷೆಯಲ್ಲಿ ಫೇಲಾಗಿ ಬ್ಯಾಕ್ ಉಳಿದರೂ ಗಳಿಸಿದ ಇಂಟರ್ನಲ್ಸ್ ಹಾಗೇ ಉಳಿಯುತ್ತದೆ. ಮುಂದೆ ಪರೀಕ್ಷೆ ಮಾತ್ರ ಬರೆದರಾಯಿತು.

ಪರೀಕ್ಷೆ ಪೇಪರ್‌ಗೂ ಒಂದು ಕಟ್ಟು ಇದೆ. ಸಿಲೆಬಸ್‌ನಲ್ಲಿ ಐದು ಮಾಡ್ಯೂಲ್, ಅಂದರೆ ಐದು ಭಾಗ, ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ, ಅದರಲ್ಲಿ ಒಂದನ್ನು ಬರೆಯಬೇಕು. ಒಂದೊಂದಕ್ಕೆ 20. ಹಾಗಾಗಿ ಮೂರು ಮಾಡ್ಯೂಲ್ ಚೆನ್ನಾಗಿ ಓದಿ ಎರಡನ್ನು ಪೂರ್ತಿ ಬಿಡುವವರನ್ನು ಹಾಸ್ಟೆಲ್‌ನಲ್ಲಿ ಬಹಳ ನೋಡಿದ್ದೇನೆ. ಅವರು ಎಷ್ಟೇ ಚೆನ್ನಾಗಿ ಬರೆದರೂ ನೂರಕ್ಕೆ 60 ದಾಟುವುದಿಲ್ಲ. ನಾಲ್ಕು ಕ್ರೆಡಿಟ್‌ನ ವಿಷಯದಲ್ಲಿ ಇದು ಬೇಡ.

ಕ್ರೆಡಿಟ್ ಇಲ್ಲದವನ್ನೂ ಮರೆಯಬೇಡಿ. ಮೂರನೇ ಸೆಮ್‌ನಿಂದ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ, ಇವುಗಳಲ್ಲಿ ಒಂದನ್ನು ಮಾಡಬೇಕು. ಕ್ರೆಡಿಟ್ ಸೊನ್ನೆ, ಆದರೆ ಪಾಸಾಗಲೇಬೇಕು. ಎಐಸಿಟಿಇ (ದೇಶದ ತಾಂತ್ರಿಕ ಶಿಕ್ಷಣ ಮಂಡಳಿ) ಹೇಳುವ ಆಕ್ಟಿವಿಟಿ ಪಾಯಿಂಟ್, ಅಂದರೆ ಸಮಾಜಸೇವೆಯಂಥ ಕೆಲಸಕ್ಕೆ ಸಿಗುವ ಪಾಯಿಂಟ್ ಕೂಡ ಹಾಗೇ. ನಾಲ್ಕು ವರ್ಷದಲ್ಲಿ 100, ಡಿಪ್ಲೊಮಾ ಮುಗಿಸಿ ಬಂದ ಲ್ಯಾಟರಲ್‌ನವರಿಗೆ 75. ಸಿಜಿಪಿಎಗೆ ಸೇರುವುದಿಲ್ಲ, ಆದರೆ ಇಲ್ಲದೆ ಡಿಗ್ರಿ ಸಿಗುವುದಿಲ್ಲ. ನಾನು ರಜೆಗೆ ಊರಿಗೆ ಹೋದಾಗ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಟ್ಟು, ಹೆಡ್‌ಮಾಸ್ತರ ಸಹಿ ಹಾಕಿಸಿಕೊಂಡು, ಫೋಟೊ ಸಮೇತ ಫೈಲ್ ಮಾಡಿಟ್ಟೆ. ಕೊನೆಯ ವರ್ಷಕ್ಕೆ ಉಳಿಸಿಕೊಂಡವರು ಪ್ಲೇಸ್‌ಮೆಂಟ್ ಹೊತ್ತಿನಲ್ಲಿ ಸರ್ಟಿಫಿಕೇಟ್ ಹಿಡಿದು ಓಡಾಡಿದರು.

ಕೊನೆಯ ಸೆಮ್‌ನ 16 ಕ್ರೆಡಿಟ್‌ನಲ್ಲಿ 10 ಇಂಟರ್ನ್‌ಶಿಪ್‌ಗೇ ಹೋಗುತ್ತದೆ. ಮೊದಲ ಸೆಮ್‌ನ ಗಣಿತ, ಫಿಸಿಕ್ಸ್ ಎರಡೂ ಸೇರಿದರೂ ಎಂಟೇ ಅಂದರೆ ಇದರ ತೂಕ ತಿಳಿಯುತ್ತದೆ. ಸುಮ್ನೆ ಸರ್ಟಿಫಿಕೇಟ್‌ಗೆ ದುಡ್ಡು ತಗೊಳ್ಳುವ ಕಡೆ ಹೋಗಬೇಡಿ. ಕೆಲಸ ಕಲಿಸುವ ಜಾಗ ಬೆಳಗಾವಿಯಲ್ಲೇ ಸಿಗುತ್ತದೆ. ಉದ್ಯಮಬಾಗದ ಕಡೆ ಕಾರ್ಖಾನೆಗಳು ಸಾಲಾಗಿವೆ. ಆರನೇ ಸೆಮ್ ರಜೆಯಲ್ಲೇ ಹೋಗಿ ಕೇಳಿ.

ಚಿಕ್ಕಪ್ಪನ ಮಗಳು ಇಲ್ಲೇ ಬಿಎ ಓದುತ್ತಿದ್ದಾಳೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗೆ. ಅವಳಿಗೂ ಸೆಮಿಸ್ಟರ್, ಕ್ರೆಡಿಟ್ ಎಲ್ಲ ಇದೆ. ಆದರೆ ಅಲ್ಲಿನ ಹಂಚಿಕೆ ಬೇರೆ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿತ್ತು, 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷ. ಸೀನಿಯರ್ ಅಕ್ಕನ ಹಳೆ ಸಿಲೆಬಸ್ ಹಿಡಿದು ಓದಿದರೆ ಹೊಂದುವುದಿಲ್ಲ. ಅವಳಿಗೂ ನಾನು ಮಾಡಿಸಿದ್ದು ಅದೇ ಕೆಲಸ, ಸ್ಕೀಮ್ ಹಾಳೆ ತೆಗೆದು ಕ್ರೆಡಿಟ್ ಬರೆದುಕೊಳ್ಳುವುದು.

ಕೆಲಸಕ್ಕೆ ಅರ್ಜಿ ಹಾಕುವಾಗ ಬಹಳ ಕಡೆ ಪರ್ಸೆಂಟೇಜ್ ಕೇಳುತ್ತಾರೆ. ನಮ್ಮ ಸ್ಕೀಮ್‌ನಲ್ಲಿ ಸಿಜಿಪಿಎಯನ್ನು ಹತ್ತರಿಂದ ಗುಣಿಸಿದರೆ ಸಾಕು. 8.2 ಇದ್ದರೆ 82. 2018ರ ಸ್ಕೀಮ್‌ನವರು ಮೊದಲು 0.75 ಕಳೆದು ಆಮೇಲೆ ಗುಣಿಸಬೇಕಿತ್ತು, ಅದೇ 8.2ಕ್ಕೆ ಅವರದು 74.5. ಹಾಗಾಗಿ ಅಣ್ಣನೋ ಅಕ್ಕನೋ ಹೇಳಿದ ಸೂತ್ರವನ್ನು ಅರ್ಜಿಯಲ್ಲಿ ಹಾಕಬೇಡಿ. ನಿಮ್ಮ ಸ್ಕೀಮ್‌ನ ನಿಯಮದಲ್ಲಿ ಇರುವುದನ್ನೇ ಹಾಕಿ.