ಕಣ್ಣಿನ ತಪಾಸಣೆ: ಹೋಗುವ ಮುನ್ನ, ಹೋದಾಗ, ಬಂದ ಮೇಲೆ

ಚೆನ್ನಾಗಿಯೇ ಕಾಣುತ್ತಿರುವಾಗ ಕಣ್ಣಿನ ತಪಾಸಣೆ ಏಕೆ ಎಂದು ಕೇಳುವವರು ಬಹಳ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಲ್ಲಿ ದೃಷ್ಟಿನರ ನಿಧಾನವಾಗಿ ಹಾಳಾಗುತ್ತ ಹೋಗುತ್ತದೆ. ಸಾಮಾನ್ಯವಾಗಿ ನೋಟದ ಅಂಚಿನ ಭಾಗ ಮೊದಲು ನಷ್ಟವಾಗಿ, ನಡುವಿನ ನೋಟ ಬಹುಕಾಲ ಉಳಿಯುವುದರಿಂದ, ಓದು ಬರಹಕ್ಕೆ ಅಡ್ಡಿಯಾಗದೆ ರೋಗಿಗೆ ಸುಳಿವೇ ಸಿಗುವುದಿಲ್ಲ. ಹೀಗೆ ಹೋದ ನೋಟವನ್ನು ಯಾವ ಔಷಧಿಯೂ ಮರಳಿ ತರಲಾರದು, ಉಳಿದದ್ದನ್ನು ಮಾತ್ರ ಕಾಪಾಡಬಹುದು. ಮಧುಮೇಹದಿಂದ ಕಣ್ಣಿನ ಹಿಂಭಾಗದ ಒಳಪದರವಾದ ರೆಟಿನಾಕ್ಕೆ ಆಗುವ ಹಾನಿಯೂ ಆರಂಭದಲ್ಲಿ ಹೀಗೆಯೇ ಸದ್ದಿಲ್ಲದೆ ನಡೆಯುತ್ತದೆ. ಆದ್ದರಿಂದ ತಪಾಸಣೆಯೆಂದರೆ ಕನ್ನಡಕದ ನಂಬರ್ ತೆಗೆಸುವುದು ಎಂದಷ್ಟೇ ತಿಳಿಯುವುದು ತಪ್ಪು.

ಎಷ್ಟು ಸಲ ಹೋಗಬೇಕೆಂಬುದು ವಯಸ್ಸನ್ನೂ ಕಾಯಿಲೆಗಳನ್ನೂ ಅವಲಂಬಿಸಿದೆ. ಯಾವ ತೊಂದರೆ ಇಲ್ಲದವರೂ 40ರ ಸುಮಾರಿಗೆ ಒಮ್ಮೆ ಪೂರ್ಣ ತಪಾಸಣೆ ಮಾಡಿಸಿಕೊಳ್ಳಬೇಕು. ಚಾಳೀಸು ಬರುವುದೂ ಆ ವಯಸ್ಸಿಗೇ ಆದ್ದರಿಂದ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ. 65 ದಾಟಿದವರಿಗೆ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ, ಮಧುಮೇಹ ಇರುವವರಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬೇಕು. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ 40ರವರೆಗೆ ಕಾಯಬಾರದು. ಮಕ್ಕಳ ವಿಷಯ ಬೇರೆ. ಸ್ಪಷ್ಟವಾಗಿ ಕಾಣುವುದೆಂದರೆ ಹೇಗಿರುತ್ತದೆ ಎಂದೇ ತಿಳಿಯದ ಮಗು ತನಗೆ ಮಸುಕಾಗಿ ಕಾಣುತ್ತಿದೆ ಎಂದು ದೂರುವುದಿಲ್ಲ. ಒಂದು ಕಣ್ಣು ಮಂದವಾಗಿದ್ದು ಇನ್ನೊಂದು ಸರಿಯಿದ್ದರಂತೂ ಮನೆಯವರಿಗೆ ಗೊತ್ತಾಗುವುದೇ ಕಷ್ಟ. ಇಂಥ ಸೋಮಾರಿ ಕಣ್ಣಿಗೆ ಎಳೆಯ ವಯಸ್ಸಿನಲ್ಲಿ ಚಿಕಿತ್ಸೆ ಫಲಿಸಿದಷ್ಟು ಮುಂದೆ ಫಲಿಸುವುದಿಲ್ಲವಾದ್ದರಿಂದ, ಶಾಲೆಗೆ ಸೇರಿಸುವ ಮುನ್ನವೇ ಮಗುವಿನ ಎರಡೂ ಕಣ್ಣುಗಳನ್ನು ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹೋಗುವಾಗ ಈಗ ಬಳಸುತ್ತಿರುವ ಕನ್ನಡಕ, ಹಳೆಯ ಚೀಟಿ ಮತ್ತು ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನು ಒಯ್ಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಷ್ಟು ದಿನ ಮೊದಲೇ ಅದನ್ನು ನಿಲ್ಲಿಸಬೇಕೆಂದು ಮುಂಚಿತವಾಗಿ ಕೇಳಿಕೊಳ್ಳಬೇಕು. ವಾಪಸು ಕರೆದುಕೊಂಡು ಬರಲು ಯಾರಾದರೂ ಜೊತೆಗಿರಲಿ. ಕಾರಣ ಮುಂದೆ ಬರುತ್ತದೆ.

ಮೊದಲು ಅಕ್ಷರಗಳ ಫಲಕವನ್ನು ಓದಿಸುತ್ತಾರೆ. 6/12 ಎಂದು ಬರೆದರೆ, ಸಾಮಾನ್ಯ ದೃಷ್ಟಿಯವರು 12 ಮೀಟರ್ ದೂರದಿಂದ ಓದಬಲ್ಲ ಸಾಲನ್ನು ನೀವು 6 ಮೀಟರ್ ದೂರದಿಂದ ಓದುತ್ತೀರಿ ಎಂದರ್ಥ. ಆಮೇಲೆ ಗಾಜು ಬದಲಿಸುತ್ತ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುವ ಘಟ್ಟ. ಇಲ್ಲಿ ಅನೇಕರು ಪರೀಕ್ಷೆಗೆ ಕೂತವರಂತೆ ಗಾಬರಿಯಾಗಿ, ಕಣ್ಣು ಕಿರಿದು ಮಾಡಿ, ಕಾಣದ ಅಕ್ಷರವನ್ನೂ ಊಹಿಸಿ ಹೇಳಿಬಿಡುತ್ತಾರೆ. ಇದರಲ್ಲಿ ತಪ್ಪುತ್ತರವೆಂಬುದಿಲ್ಲ, ಎರಡೂ ಒಂದೇ ರೀತಿ ಕಂಡರೆ ಹಾಗೆಂದೇ ಹೇಳಬೇಕು, ಏಕೆಂದರೆ ನಂಬರ್ ಸರಿಯಾದ ಹಂತಕ್ಕೆ ಬಂದಿದೆ ಎನ್ನುವುದಕ್ಕೆ ಅದೂ ಒಂದು ಸೂಚನೆ. ಕಣ್ಣು ಕಿರಿದು ಮಾಡಿ ಓದಿದರೆ ನಂಬರ್ ತಪ್ಪುವ ಸಂಭವವಿದೆ.

ಕಣ್ಣಿನ ಒಳಒತ್ತಡವನ್ನು ಗಾಳಿ ಊದುವ ಯಂತ್ರದಿಂದಲೋ, ಮರಗಟ್ಟಿಸುವ ಹನಿ ಹಾಕಿ ಮುಟ್ಟುವ ಉಪಕರಣದಿಂದಲೋ ಅಳೆಯುತ್ತಾರೆ, ಎರಡರಿಂದಲೂ ನೋವಿಲ್ಲ. ಸುಮಾರು 10ರಿಂದ 21 ಮಿ.ಮೀ. ಪಾದರಸದ ಒತ್ತಡವನ್ನು ಸಾಮಾನ್ಯವೆಂದು ಪರಿಗಣಿಸುವುದು ರೂಢಿ. ಆದರೆ ಒತ್ತಡ ಸಾಮಾನ್ಯವಿದ್ದೂ ಗ್ಲಾಕೋಮಾ ಬರಬಹುದು; ವೈದ್ಯರು ದೃಷ್ಟಿನರವನ್ನೂ ನೋಡುವುದು ಇದಕ್ಕಾಗಿಯೇ.

ಅದಕ್ಕಾಗಿ ಪಾಪೆಯನ್ನು ಹಿಗ್ಗಿಸುವ ಹನಿ ಹಾಕುತ್ತಾರೆ. ಹನಿ ಬಿದ್ದಾಗ ಕ್ಷಣಕಾಲ ಉರಿಯುತ್ತದೆ, ಅರ್ಧ ಗಂಟೆಯೊಳಗೆ ಕೈಯಲ್ಲಿರುವ ಮೊಬೈಲಿನ ಅಕ್ಷರ ಕಲಸಿಹೋಗುತ್ತದೆ, ಹೊರಗೆ ಬಂದರೆ ಬಿಸಿಲು ಕಣ್ಣು ಕುಕ್ಕುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗಳಲ್ಲಿ ಇದು ತಾನಾಗಿ ಇಳಿಯುತ್ತದೆ, ಕೆಲವರಿಗೆ ಹೆಚ್ಚು ಹೊತ್ತು ಹಿಡಿಯಬಹುದು. ಅಲ್ಲಿಯವರೆಗೆ ವಾಹನ ಓಡಿಸಬಾರದು, ತಂಪುಕನ್ನಡಕ ಜೊತೆಗಿದ್ದರೆ ಹಿತ. ಸಮಯವಿಲ್ಲವೆಂದು ಈ ಹನಿಯನ್ನು ಬೇಡವೆನ್ನುವವರಿದ್ದಾರೆ. ಪಾಪೆ ಕಿರಿದಾಗಿದ್ದರೆ ರೆಟಿನಾದ ಅಂಚುಗಳು ಚೆನ್ನಾಗಿ ಕಾಣುವುದಿಲ್ಲ. ಒಂದು ದಿನದ ಅನನುಕೂಲಕ್ಕೆ ಅಂಜಿ ಇದನ್ನು ತಪ್ಪಿಸಿಕೊಳ್ಳುವುದಕ್ಕಿಂತ ಬಿಡುವಿರುವ ದಿನವೇ ಹೋಗುವುದು ಮೇಲು.

ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಉದ್ದವಾಗುತ್ತ ಹೋದರೆ, ಕನ್ನಡಕ ಹಾಕದಿದ್ದರೂ ಮೈನಸ್ ನಂಬರ್ ಏರುತ್ತದೆ. ಮೊಬೈಲ್, ಕಂಪ್ಯೂಟರಿನ ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಇಲ್ಲಿ ನೆರವಾಗುತ್ತದೆ.

ಔಷಧಿಯ ಹನಿ ಹಾಕಿಕೊಳ್ಳುವ ಕ್ರಮವನ್ನು ಮಾತ್ರ ಕಲಿತೇ ಬರಬೇಕು. ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು, ಅಲ್ಲಿ ಉಂಟಾಗುವ ಚೀಲದಂಥ ಜಾಗಕ್ಕೆ ಒಂದೇ ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಔಷಧಿ ಗಂಟಲಿಗಿಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಎರಡನೆಯ ಔಷಧಿಗೆ ಕನಿಷ್ಠ ಐದು ನಿಮಿಷ ಬಿಡುವು ಕೊಡಿ. ಹಿಂದೆ ಕೊಟ್ಟಿದ್ದ ಹನಿ ಉಳಿದಿದೆಯೆಂದು ಕಣ್ಣು ಕೆಂಪಾದಾಗಲೆಲ್ಲ ಹಾಕಿಕೊಳ್ಳುವುದು ಅಪಾಯಕರ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಒತ್ತಡ ಏರಬಹುದು, ಪೊರೆಯೂ ಬೆಳೆಯಬಹುದು.

ಕೆಲವು ಲಕ್ಷಣಗಳಿಗೆ ಸರದಿಯ ದಿನಕ್ಕಾಗಿ ಕಾಯಬಾರದು: ಇದ್ದಕ್ಕಿದ್ದಂತೆ ನೋಟ ಹೋಗುವುದು, ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳ ಗುಂಪು ತೇಲುವುದು, ಒಂದು ಬದಿಯಿಂದ ಪರದೆ ಇಳಿದಂತೆ ಕಾಣುವುದು, ಕಣ್ಣು ಕೆಂಪಾಗಿ ತೀವ್ರ ನೋವಿನೊಡನೆ ವಾಂತಿಯಾಗುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ನೇತ್ರತಜ್ಞರನ್ನು ಕಾಣಿರಿ. ಸುಣ್ಣ, ಆಮ್ಲ ಅಥವಾ ಬೇರಾವುದೇ ರಾಸಾಯನಿಕ ಕಣ್ಣಿಗೆ ಸಿಡಿದರೆ ಮಾತ್ರ ಆಸ್ಪತ್ರೆಗೆ ಓಡುವುದಕ್ಕೂ ಮುನ್ನ, ನಿಂತಲ್ಲೇ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯಬೇಕು.