ದೂರದ ಸವಾರಿಗೆ ಕುದುರೆಯನ್ನು ಅಣಿಗೊಳಿಸುವ ಕ್ರಮ

ಒಂದೇ ದಿನದಲ್ಲಿ 40ರಿಂದ 160 ಕಿಲೋಮೀಟರ್‌ವರೆಗೆ ಸಾಗಬೇಕಾದ ಎಂಡ್ಯೂರೆನ್ಸ್ (ತಾಳಿಕೆಯ) ಸವಾರಿ ಸ್ಪರ್ಧೆಗೆ ಕುದುರೆಯನ್ನು ಪಳಗಿಸುವವರು ಮೊದಲು ಅರಿತಿರಬೇಕಾದದ್ದು, ಅದರ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ ಎಂಬುದನ್ನು. ಹೃದಯ ಮತ್ತು ರಕ್ತಪರಿಚಲನೆ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ, ಸ್ನಾಯುಗಳಿಗೆ ಕೆಲವು ತಿಂಗಳು ಬೇಕು. ಆದರೆ ಕಾಲಿನ ಸ್ನಾಯುರಜ್ಜುಗಳು ಮತ್ತು ಮೂಳೆಗಳು ಹೊಸ ಹೊರೆಗೆ ಪೂರ್ತಿಯಾಗಿ ಒಗ್ಗಿಕೊಳ್ಳಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಆದ್ದರಿಂದ ಮೂರನೆಯ ತಿಂಗಳಲ್ಲಿ ಕುದುರೆ ದಣಿವಿಲ್ಲದೆ ಓಡಲು ತವಕಿಸುವಾಗಲೇ ಸವಾರ ಅತ್ಯಂತ ಎಚ್ಚರದಿಂದಿರಬೇಕು, ಏಕೆಂದರೆ ಆಗ ಅದರ ಉಸಿರಿಗೆ ಇರುವ ಬಲ ಕಾಲುಗಳಿಗೆ ಇನ್ನೂ ಬಂದಿರುವುದಿಲ್ಲ.

ಪಶುವೈದ್ಯರ ತಪಾಸಣೆ, ಗೊರಸಿನ ಆರೈಕೆ ಮತ್ತು ಬೆನ್ನಿಗೆ ಸರಿಯಾಗಿ ಕೂರುವ ಜೀನು, ಇವಿಷ್ಟೂ ಆದ ಬಳಿಕ ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯ ಚುರುಕು ನಡಿಗೆಯಿಂದ ಆರಂಭಿಸಿ, ನಡುನಡುವೆ ಚಿಕ್ಕ ಕುಕ್ಕುಲೋಟಗಳನ್ನು (ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ) ಸೇರಿಸುತ್ತ ಹೋಗಬೇಕು. ದೂರವನ್ನು ಹೆಚ್ಚಿಸಿದ ವಾರ ವೇಗವನ್ನು ಹೆಚ್ಚಿಸಬಾರದು. ಏರುದಾರಿಯನ್ನು ಹೊಸದಾಗಿ ಸೇರಿಸಿದರೆ ಉಳಿದೆರಡನ್ನೂ ಇದ್ದಲ್ಲೇ ಬಿಡಬೇಕು. ದೀರ್ಘ ಸವಾರಿಯ ಮರುದಿನ ವಿಶ್ರಾಂತಿ ಕೊಡುವುದು ಸೋಮಾರಿತನವಲ್ಲ, ದೇಹ ಗಟ್ಟಿಯಾಗುವುದು ಆ ಬಿಡುವಿನಲ್ಲಿಯೇ.

ಪ್ರಗತಿಯನ್ನು ಅಳೆಯಲು ಹೃದಯಬಡಿತಕ್ಕಿಂತ ನಂಬಿಕಸ್ಥ ಸಾಧನ ಇನ್ನೊಂದಿಲ್ಲ. ಎಡ ಮುಂಗಾಲಿನ ಮೊಣಕೈಯ ಹಿಂಬದಿಯಲ್ಲಿ ಸ್ಟೆತೊಸ್ಕೋಪ್ ಇಟ್ಟು 15 ಸೆಕೆಂಡುಗಳ ಬಡಿತವನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಪ್ರತಿ ಬಡಿತದಲ್ಲೂ ಎರಡು ಸದ್ದುಗಳು ಕೇಳಿಸುವುದರಿಂದ ಆ ಜೋಡಿಯನ್ನು ಒಂದೆಂದೇ ಎಣಿಸಬೇಕು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ಬಡಿತ ಸಾಮಾನ್ಯವಾಗಿ 28ರಿಂದ 44ರ ನಡುವೆ ಇರುತ್ತದೆ. ಸ್ಪರ್ಧೆಯ ತಪಾಸಣಾ ಹಂತಗಳಲ್ಲಿ ನಿಗದಿತ ಸಮಯದೊಳಗೆ ಅದು ಹೆಚ್ಚಾಗಿ 64ಕ್ಕೆ ಇಳಿದಿರಬೇಕೆಂಬ ನಿಯಮವಿರುವುದರಿಂದ, ಪ್ರತಿ ಅಭ್ಯಾಸದ ನಂತರವೂ ಇಳಿಯಲು ಹಿಡಿದ ಸಮಯವನ್ನು ಬರೆದಿಡುವುದು ಒಳ್ಳೆಯದು. ಅದೇ ದಾರಿ, ಅದೇ ವೇಗ, ಅಂಥದೇ ಹವೆಯಿದ್ದೂ ಬಡಿತ ಎಂದಿಗಿಂತ ತಡವಾಗಿ ಇಳಿದರೆ ನೋವೋ ನೀರಿನ ಕೊರತೆಯೋ ಇರಬಹುದೆಂದು ಭಾವಿಸಿ, ಕಾರಣ ತಿಳಿಯುವವರೆಗೆ ಅಭ್ಯಾಸವನ್ನು ತಡೆಹಿಡಿಯಬೇಕು.

ಆಹಾರದಲ್ಲಿ ಹುಲ್ಲೇ ಮುಖ್ಯ. ನಾರಿನಂಶ ತುಂಬಿದ ಹಿಂಗರುಳು, ಅಂದರೆ ಕರುಳಿನ ಹಿಂಭಾಗ, ನೀರನ್ನೂ ಲವಣಗಳನ್ನೂ ಹಿಡಿದಿಟ್ಟುಕೊಂಡು, ದೀರ್ಘ ಶ್ರಮದ ಹೊತ್ತಿನಲ್ಲಿ ದೇಹಕ್ಕೆ ಒದಗಿಸುತ್ತದೆ. ಕುದುರೆಯ ಬೆವರಿನೊಡನೆ ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಹೇರಳವಾಗಿ ಹೊರಹೋಗುವುದರಿಂದ ಅವನ್ನು ಮರಳಿ ತುಂಬಬೇಕಾಗುತ್ತದೆ, ಆದರೆ ನೀರು ಕುಡಿಯದ ಕುದುರೆಗೆ ಲವಣ ತಿನ್ನಿಸಿದರೆ ನಿರ್ಜಲೀಕರಣ ಇನ್ನಷ್ಟು ಬಿಗಡಾಯಿಸುತ್ತದೆ. ಅಪರಿಚಿತ ಬಕೆಟ್ಟಿನಿಂದಲೂ, ದಾರಿಯ ತೊರೆಯಿಂದಲೂ ಕುಡಿಯುವ ರೂಢಿಯನ್ನು ಅಭ್ಯಾಸದ ದಿನಗಳಲ್ಲೇ ಮಾಡಿಸಬೇಕು. ಬಿಸಿಯೇರಿದ ಮೈಗೆ ತಣ್ಣೀರನ್ನು ಧಾರಾಳವಾಗಿ, ಎಡೆಬಿಡದೆ ಸುರಿಯಬಹುದು. ಅದರಿಂದ ಸ್ನಾಯು ಸೆಟೆದುಕೊಳ್ಳುತ್ತದೆಂಬ ಹಳೆಯ ಭಯಕ್ಕೆ ಆಧಾರವಿಲ್ಲ.

ಸ್ಪರ್ಧೆಗೆ ಸುಮಾರು ಎರಡು ವಾರ ಇರುವಾಗ ಕೊನೆಯ ದೀರ್ಘ ಸವಾರಿಯನ್ನು ಮುಗಿಸಿ, ಆ ಬಳಿಕ ಹಗುರವಾಗಿ ಮಾತ್ರ ನಡೆಸಬೇಕು. ಸ್ಪರ್ಧೆಯ ಮರುದಿನ ಬೆಳಿಗ್ಗೆ ನಾಲ್ಕೂ ಕಾಲುಗಳನ್ನು ಅಂಗೈಯಿಂದ ಸವರಿ ಬಿಸಿ, ಊತಗಳನ್ನು ಹುಡುಕಿ, ಸಮತಟ್ಟಾದ ಗಟ್ಟಿ ನೆಲದ ಮೇಲೆ ಕೆಲವು ಹೆಜ್ಜೆ ಓಡಿಸಿ ನೋಡಬೇಕು. ಸ್ವಲ್ಪ ಕುಂಟಿದರೂ ವೈದ್ಯರಿಗೆ ತೋರಿಸುವ ಮೊದಲು ಜೀನು ಏರಿಸಬಾರದು.